ಇಪ್ಪತ್ತೇಳು ಆಳು

ಚಾಮರಾಜನಗರ
14 ಜೂನ್ 2004

ಅಪ್ಪನಿಗೆ,

ನಿನ್ನೆ ಊಟದ ತಟ್ಟೆ ಬಿಟ್ಟು ಎದ್ದು ಬಂದದ್ದು ತಪ್ಪು. ಅದಕ್ಕೆ ಕ್ಷಮೆ ಕೇಳುತ್ತೇನೆ. ಉಳಿದದ್ದಕ್ಕೆ ಕೇಳುವುದಿಲ್ಲ.

"ಮುಖ ನೋಡ್ಕಂಡು ನಿನ್ನತ್ರ ಜಗಳ ಆಡಕ್ಕಾಗಲ್ಲ ಕಣಮ್ಮಿ, ಅದೇನಿದ್ರೂ ಕಾಗ್ದದಲ್ಲಿ ಬರಿ" ಎಂದಿರಿ. ಬರೆಯುತ್ತಿದ್ದೇನೆ. ಚಿಕ್ಕಬಸವಯ್ಯನ ಅಂಗಡಿಗೆ ಫೋನು ಮಾಡಿದರೆ ಭೀಮನಬೀಡಿಗೆ ಭೀಮನಬೀಡೇ ನಿಂತು ಕೇಳಿಸಿಕೊಳ್ಳುತ್ತದೆ. ಅದಕ್ಕಿಂತ ಕಾಗದವೇ ವಾಸಿ.

ಮೊದಲು ನನ್ನ ಸುಳ್ಳಿನ ವಿಷಯ. ಮೇ ತಿಂಗಳಲ್ಲಿ ಪುಣಜನೂರಿನ ಗೆಳತಿ ಭವ್ಯಳ ಮನೆಗೆ ಹೋಗುತ್ತೇನೆಂದು ಹೊರಟೆನಲ್ಲ, ಪುಣಜನೂರಿನಲ್ಲಿ ನಾನು ಇಳಿಯಲೇ ಇಲ್ಲ. ಭವ್ಯಳೇ ಅಲ್ಲಿ ಬಸ್ಸು ಹತ್ತಿದಳು. ಇಬ್ಬರೂ ಸತ್ಯಮಂಗಲ ದಾಟಿ ಕೊಯಮತ್ತೂರಿಗೆ ಹೋಗಿ ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಬರೆದೆವು. ಅವಳಿಗೆ ಸಿಗಲಿಲ್ಲ, ನನಗೆ ಸಿಕ್ಕಿತು. ಅದು ಸರ್ಕಾರಿ ವಿಶ್ವವಿದ್ಯಾನಿಲಯ ಅಪ್ಪ, ಸೀಟು ಮಾರುವ ಕಾಲೇಜಲ್ಲ. ಹೊರ ರಾಜ್ಯದವರಿಗೆಂದು ಇಟ್ಟಿರುವುದು ನಾಲ್ಕೇ ಸೀಟು. ಆ ನಾಲ್ಕರಲ್ಲಿ ನಾನೊಬ್ಬಳು.

ಮೈಸೂರಿನಲ್ಲೂ ಸೀಟಿದೆ, ನಿಮಗೆ ಗೊತ್ತು. ಮೈಸೂರು ಕೆಟ್ಟದ್ದೆಂದು ನಾನೆಲ್ಲೂ ಹೇಳಿಲ್ಲ. ಆದರೆ ಅರಿಶಿನದ ಗೆಡ್ಡೆ ಕೊಳೆ ರೋಗದ ಮೇಲೆ ಕೆಲಸ ಮಾಡುವ ಮೇಷ್ಟ್ರು ಇರುವುದು ಕೊಯಮತ್ತೂರಿನಲ್ಲಿ. ಹೋದ ವರ್ಷ ಕೆಳಗಿನ ಹೊಲದಲ್ಲಿ ಅರ್ಧ ಬೆಳೆ ಕಪ್ಪಗೆ ಕೊಳೆತು ನಾರಿತಲ್ಲ? ಔಷಧಿ ಅಂಗಡಿಯವನು ಕೊಟ್ಟದ್ದನ್ನೆಲ್ಲ ಸುರಿದು, ಕೊನೆಗೆ ಬದುವಿನ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದಿರಿ. ಅದು ಯಾಕೆ ಕೊಳೆಯುತ್ತದೆ ಎಂದು ನನಗೆ ತಿಳಿಯಲೇಬೇಕು.

ನಿನ್ನೆ "ಹೊರ ರಾಜ್ಯ, ಹೊರ ರಾಜ್ಯ" ಎಂದು ಹತ್ತು ಸಲ ಅಂದಿರಿ. ನಮ್ಮ ಅರಿಶಿನ ವರ್ಷಾ ವರ್ಷಾ ಈರೋಡಿಗೆ ಹೋಗುತ್ತದೆ. ಅದಕ್ಕಿಲ್ಲದ ಹೊರ ರಾಜ್ಯ ನನಗೆ ಮಾತ್ರ ಎಲ್ಲಿಂದ ಬಂತು?

ಜುಲೈ 20ರೊಳಗೆ ಫೀಸಿನ ಡಿ.ಡಿ. ತಲುಪಬೇಕು. ತಪ್ಪಿದರೆ ಸೀಟು ಮುಂದಿನವರಿಗೆ ಹೋಗುತ್ತದೆ.

ನಿಮ್ಮ ಮಗಳು,
ಸುಧಾಮಣಿ


ಭೀಮನಬೀಡು
18 ಜೂನ್ 2004

ಚಿ. ಸುಧಾಮಣಿಗೆ,

ಕಾಗದ ಬಂತು. ಮನೆಯಲ್ಲಿ ನನ್ನನ್ನು 'ನೀನು' ಅನ್ನುವವಳು ಕಾಗದದಲ್ಲಿ 'ನೀವು' ಎಂದು ಶುರು ಮಾಡಿದ್ದೀಯ. ಅಲ್ಲಿಗೆ ನಿನ್ನ ಸಿಟ್ಟು ಇಳಿದಿಲ್ಲ ಎಂದಾಯಿತು. ನನ್ನದೂ ಇಳಿದಿಲ್ಲ.

ಪುಣಜನೂರು ಎಂದು ಹೇಳಿ ಆ ಕಾಡಿನ ದಾರಿಯಲ್ಲಿ ಹೋಗಿ ಬಂದಿದ್ದೀಯ. ಆ ಕಾಡಿನಲ್ಲಿ ಯಾವ ಕಾಡುಗಳ್ಳನಿದ್ದಾನೆ, ದಾರಿಯುದ್ದಕ್ಕೂ ಪೊಲೀಸರು ಯಾಕೆ ಕೂತಿದ್ದಾರೆ ಎಂದು ತೊಟ್ಟಿಲ ಕೂಸಿಗೂ ಗೊತ್ತು. ನಿನಗೆ ಗೊತ್ತಿಲ್ಲ. ಬಿ.ಎಸ್ಸಿ. ಓದಿದವಳು ನೋಡು.

ಹೊರ ರಾಜ್ಯದವರಿಗೆ ಫೀಸು ಎಷ್ಟು ಜಾಸ್ತಿ ಎಂದು ನೀನು ಬರೆದಿಲ್ಲ. ಗುಂಡ್ಲುಪೇಟೆಯಲ್ಲಿ ಹೈಸ್ಕೂಲು ಮೇಷ್ಟ್ರು ರಂಗನಾಯಕರನ್ನು ಕೇಳಿದೆ. ಎರಡು ವರ್ಷ ಅಲ್ಲಿ ನಿನ್ನೊಬ್ಬಳನ್ನು ಓದಿಸುವ ದುಡ್ಡಿನಲ್ಲಿ ಮೈಸೂರಿನಲ್ಲಿ ಇಬ್ಬರನ್ನು ಓದಿಸಬಹುದಂತೆ. ಕೊಡುವ ಕಾಗದವೂ ಅದೇ ಎಂ.ಎಸ್ಸಿ., ಮೇಲಿನ ಮುದ್ರೆ ಬೇರೆ ಅಷ್ಟೇ. ಅದು ಅಷ್ಟು ಬೆಲೆ ಬಾಳುತ್ತಾ? ನೀನೇ ಹೇಳು.

ಇನ್ನು ನಿನ್ನ ಈರೋಡಿನ ಮಾತು. ಚೆನ್ನಾಗಿ ಆಡಿದ್ದೀಯ. ನಾನೂ ಒಂದು ಆಡುತ್ತೇನೆ. ಈರೋಡಿಗೆ ಹೋದ ಅರಿಶಿನದ ಮೂಟೆ ಒಂದಾದರೂ ಭೀಮನಬೀಡಿಗೆ ಹಿಂದಕ್ಕೆ ಬಂದದ್ದುಂಟೇನಮ್ಮ?

ಮೈಸೂರಿಗೆ ಸೇರು. ನಾನೇ ಬಂದು ಬಿಟ್ಟು ಬರುತ್ತೇನೆ.

ನಿಮ್ಮಪ್ಪ,
ಪುಟ್ಟಮಲ್ಲಪ್ಪ


ಚಾಮರಾಜನಗರ
23 ಜೂನ್ 2004

ಅಪ್ಪನಿಗೆ,

ಮೂಟೆಗೆ ಕಾಲಿಲ್ಲ. ನನಗಿದೆ. ಬರುತ್ತೇನೆ.

ಫೀಸು ಜಾಸ್ತಿಯೇ. ಬರೆಯದೆ ಬಿಟ್ಟದ್ದು ಬೇಕೆಂದೇ. ಆದರೆ ನಾನೂ ವಿಚಾರಿಸಿದ್ದೇನೆ. ಮೊದಲ ಸೆಮಿಸ್ಟರಿನಲ್ಲಿ ಒಳ್ಳೆಯ ಅಂಕ ಬಂದರೆ ಹಾಸ್ಟೆಲ್ ಖರ್ಚು ಅವರೇ ಹಾಕುತ್ತಾರೆ. ಅಂಕ ತೆಗೆಯುವುದು ನನ್ನ ಜವಾಬ್ದಾರಿ. ಇಲ್ಲಿ ಶಾಲೆಯಲ್ಲಿ ತಾತ್ಕಾಲಿಕ ಮೇಡಮ್ಮಾಗಿ ಸೇರಿದ್ದೇನೆ, ಆ ಸಂಬಳದಲ್ಲೂ ಒಂದಿಷ್ಟು ಉಳಿಯುತ್ತದೆ. ಉಳಿದದ್ದು ನೀವು. ಅಟ್ಟದ ಮೇಲೆ ಬೆಲೆ ಬರಲೆಂದು ಆರು ಮೂಟೆ ಅರಿಶಿನ ಇಟ್ಟಿದ್ದೀರಿ. ನನಗೆ ಗೊತ್ತಿದೆ, ನೋಡಿದ್ದೇನೆ.

ದುಡ್ಡಿಗೆ ಹೆದರುವ ಆಸಾಮಿ ನೀವಲ್ಲ ಅಪ್ಪ. ಏಳನೇ ಕ್ಲಾಸಿಗೇ ನನ್ನನ್ನು ಹಾಸ್ಟೆಲಿಗೆ ಹಾಕಿದಾಗ ಊರೇ ನಕ್ಕಿತು. ನೀವು ತಿರುಗಿ ನೋಡಲಿಲ್ಲ. ಈಗ ಮಾತ್ರ ಮೈಸೂರು ಮೈಸೂರು ಎಂದು ಹಟ ಹಿಡಿದಿದ್ದೀರಿ. ಆವತ್ತು ಜಗಳ ನಡೆದಾಗ ಅವ್ವ ಬಾಗಿಲ ಹಿಂದೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನೀವಿಬ್ಬರೂ ಏನನ್ನೋ ಮುಚ್ಚಿಡುತ್ತಿದ್ದೀರಿ. ಅದೇನು ಹೇಳಿ. ಹೇಳದಿದ್ದರೆ ನಾನು ಮೈಸೂರಿಗೂ ಸೇರುವುದಿಲ್ಲ.

ನಿಮ್ಮ ಮಗಳು,
ಸುಧಾಮಣಿ


ಭೀಮನಬೀಡು
29 ಜೂನ್ 2004

ಮಗಳು ಸುಧಾಮಣಿಗೆ,

ನಿನ್ನ ಕಾಗದವನ್ನು ನಿಮ್ಮವ್ವನಿಗೆ ಓದಿ ಹೇಳಿದ್ದೇ ತಪ್ಪಾಯಿತು. "ಯೋಳ್ಬುಡಿ ಅವ್ಳಿಗೆ, ಎಷ್ಟ್ ದಿಸ ಅಂತ ಮುಚ್ಕಂಡಿರೀರಿ?" ಎಂದು ಶಿವರುದ್ರಮ್ಮ ಮೂರು ದಿನದಿಂದ ನನ್ನ ಪ್ರಾಣ ತಿನ್ನುತ್ತಿದ್ದಾಳೆ.

ಫೆಬ್ರವರಿಯಲ್ಲಿ ಅವಳಿಗೆ ಗರ್ಭಕೋಶದ ಆಪರೇಷನ್ ಆಯಿತಲ್ಲ, ಆಗ ಅರಿಶಿನ ಕೀಳುವ ಕಾಲ. ನೀನು ಫೋನಿನಲ್ಲಿ "ಬರ್ಲಾ ಅಪ್ಪ?" ಎಂದೆ. "ಬ್ಯಾಡ, ಕೂಲಿ ಆಳು ಸಿಕ್ಕವ್ರೆ, ನೀನು ಪರೀಕ್ಷೆಗೆ ಓದ್ಕೊ" ಎಂದೆ ನಾನು. ಅದು ಸುಳ್ಳು. ಸುಳ್ಳು ಹೇಳುವುದು ನೀನೊಬ್ಬಳೇ ಕಲಿತಿಲ್ಲ. ಎಲ್ಲರ ಹೊಲದಲ್ಲೂ ಕೆಲಸವಿದ್ದ ಕಾಲ, ದುಡ್ಡು ತೋರಿಸಿದರೂ ಒಂದಾಳು ಹುಟ್ಟಲಿಲ್ಲ. ಪಕ್ಕದ ಹೊಲದ ದೊಡ್ಡಮಲ್ಲಮ್ಮ ಬಂದಳು, ನೋಡಿದಳು, ಹೋದಳು. ಮಾರನೇ ಬೆಳಗ್ಗೆ ಎಂಟು ಜನ ಹೆಂಗಸರನ್ನು ಕರೆದುಕೊಂಡು ತಾನೂ ಸೇರಿ ನಮ್ಮ ಹೊಲಕ್ಕೆ ಇಳಿದಳು. ಮೂರು ದಿನ ಗೆಡ್ಡೆ ಆರಿಸಿ, ಬಿಡಿಸಿ, ರಾಶಿ ಹಾಕಿ ಹೋದರು. ನೀನು ಆಗ ಚಾಮರಾಜನಗರದಲ್ಲಿ ಕೂತು ಓದುತ್ತಿದ್ದೆ.

ಒಂಬತ್ತು ಜನ, ಮೂರು ದಿನ. ಇಪ್ಪತ್ತೇಳು ಹೆಣ್ಣಾಳು ನಮ್ಮ ಮನೆಯ ಮೇಲೆ ನಿಂತಿದೆ. ಇದು ಮುಯ್ಯಾಳು. ಇವತ್ತು ನಮ್ಮ ಹೊಲಕ್ಕೆ ಅವರು ಬಂದರೆ ನಾಳೆ ಅವರ ಹೊಲಕ್ಕೆ ನಾವು ಹೋಗಬೇಕು. ಹೆಣ್ಣಾಳಿಗೆ ಹೆಣ್ಣಾಳೇ ಹೋಗಬೇಕು. ನಿಮ್ಮವ್ವ ಒಂದು ವರ್ಷ ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದಾರೆ. ಆಮೇಲಾದರೂ ಅವಳನ್ನು ಮೊದಲಿನಂತೆ ಹೊಲಕ್ಕೆ ಕಳಿಸಲು ನನಗೆ ಮನಸ್ಸಿಲ್ಲ. ಈ ಮನೆಯಲ್ಲಿ ಇನ್ನುಳಿದ ಹೆಣ್ಣಾಳು ನೀನು.

ಮೈಸೂರಾದರೆ ಶನಿವಾರ ಬಸ್ಸು ಹತ್ತಿ ಭಾನುವಾರ ಒಂದಾಳು ತೀರಿಸುತ್ತೀಯ. ಕೊಯಮತ್ತೂರಿನಿಂದ ಏನು ಮಾಡುತ್ತೀಯ? ನಿನಗೆ ಇದನ್ನು ಹೇಳಬಾರದು ಎಂದಿದ್ದೆ. ಓದುವ ಹುಡುಗಿಗೆ ನಿನ್ನ ಮೇಲೆ ಆಳು ನಿಂತಿದೆ ಎಂದು ಯಾವ ಅಪ್ಪ ಹೇಳುತ್ತಾನೆ?

ನಿಮ್ಮಪ್ಪ,
ಪುಟ್ಟಮಲ್ಲಪ್ಪ


ಚಾಮರಾಜನಗರ
2 ಜುಲೈ 2004

ಅಪ್ಪನಿಗೆ,

ಅಷ್ಟೇ ತಾನೆ! ನಾನು ಏನೇನೋ ಯೋಚಿಸಿ ಎರಡು ದಿನ ಊಟ ಬಿಟ್ಟಿದ್ದೆ.

ನನ್ನ ಮೊದಲ ಸಂಬಳದಲ್ಲಿ ಆರುನೂರು ರೂಪಾಯಿ ಮನಿಯಾರ್ಡರ್ ಮಾಡಿದ್ದೇನೆ. ನಮ್ಮ ಕಡೆಯಿಂದ ಒಬ್ಬ ಕೂಲಿ ಹೆಣ್ಣಾಳನ್ನು ಇಟ್ಟು, ಯಾರ ಹೊಲದಲ್ಲಿ ಕೆಲಸವಿದೆಯೋ ಅಲ್ಲಿಗೆಲ್ಲ ಕಳಿಸಿ. ಅವರಿಗೂ ಆಳು ಬಂದಂತಾಯಿತು, ನಮಗೂ ತೀರಿದಂತಾಯಿತು. ಮುಂದಿನ ತಿಂಗಳೂ ಕಳಿಸುತ್ತೇನೆ. ದೊಡ್ಡಮಲ್ಲಮ್ಮನಿಂದಲೇ ಶುರು ಮಾಡಿ, ಅವರ ಸಾಂಬಾರ್ ಈರುಳ್ಳಿ ಕೀಳುವುದಕ್ಕೆ ಬಂದಿರಬೇಕು.

ಅವ್ವನಿಗೆ ಹೇಳಿ, ಇನ್ನು ಅಳಬೇಕಾಗಿಲ್ಲ.

ನಿಮ್ಮ ಮಗಳು,
ಸುಧಾಮಣಿ


ಭೀಮನಬೀಡು
8 ಜುಲೈ 2004

ಸುಧಾಮಣಿಗೆ,

ನಿನ್ನ ಆರುನೂರು ರೂಪಾಯಿ ದೇವರ ಮನೆಯಲ್ಲಿದೆ. ಬಂದು ತೆಗೆದುಕೊಂಡು ಹೋಗು.

ನೀನು ಒಂಬತ್ತು ವರ್ಷದಿಂದ ಹಾಸ್ಟೆಲಿನಲ್ಲಿ ಬೆಳೆದವಳು, ನಿನಗೆ ತಿಳಿಯಲಿಲ್ಲ ಎನ್ನೋಣ. ಈ ಊರಲ್ಲೇ ತಲೆ ನರೆತ ನನಗೆ ಬುದ್ಧಿ ಎಲ್ಲಿಗೆ ಹೋಗಿತ್ತು? ನಿನ್ನ ಕಾಗದ ಓದಿ ನನಗೂ ಆಸೆ ಹುಟ್ಟಿತು. ಹಿಂಗಾದರೂ ಆದರೆ ಹುಡುಗಿ ಹೋಗಲಿ ಎಂದು ಹಂಗಳದ ಕಡೆಯ ಸಣ್ಣಮ್ಮ ಎನ್ನುವವರನ್ನು ಕೂಲಿಗೆ ಕರೆಸಿ ದೊಡ್ಡಮಲ್ಲಮ್ಮನ ಹೊಲಕ್ಕೆ ಕಳಿಸಿದೆ.

ಸಣ್ಣಮ್ಮನನ್ನು ದೊಡ್ಡಮಲ್ಲಮ್ಮ ಕೂರಿಸಿ ಊಟಕ್ಕಿಟ್ಟಳು. ಆ ದಿನದ ಕೂಲಿಯನ್ನೂ ತಾನೇ ಕೊಟ್ಟು ಬಸ್ಸು ಹತ್ತಿಸಿದಳು. ಆಮೇಲೆ ನಮ್ಮ ಜಗಲಿಯ ಮುಂದೆ ಬಂದು ನಿಂತಳು.

"ಏನ್ಲಾ ಪುಟ್ಟಮಲ್ಲ, ನಿನ್ ಎಂಡ್ರು ಆಸ್ಪತ್ರೇಲಿ ಮಲ್ಗಿದ್ದಾಗ ನಾವು ಕೂಲಿಗ್ ಬಂದಿದ್ವಾ? ಎಷ್ಟು ಕೊಟ್ಟಿದ್ದೆ ನಂಗೆ? ಯೋಳು ಮತ್ತೆ, ಎಲ್ರೂ ಕೇಳ್ಳಿ!"

ನಿಮ್ಮವ್ವ ಒಳಗಿಂದ ಬಂದು "ತಪ್ಪಾಯ್ತು ಕಣಕ್ಕ" ಎಂದಳು. "ನಿನ್ನನ್ಯಾರು ಕೇಳುದ್ರು, ಓಗಿ ಮಲೀಕೊ" ಎಂದು ಅವಳಿಗೂ ಬೈದು ಹೋದಳು. ನಿನ್ನೆ ಹಿಟ್ಟಿನ ಮಿಲ್ಲಿನಲ್ಲಿ ಒಬ್ಬ ಹೆಂಗಸೂ ನಿಮ್ಮವ್ವನನ್ನು ಮಾತಾಡಿಸಲಿಲ್ಲ. ಓದಿದ ಮಗಳು ನಮ್ಮ ಮುಯ್ಯಿಗೆ ಕೂಲಿ ಕಟ್ಟಿದಳು ಎಂದು ಊರೆಲ್ಲ ಮಾತು.

ಏನು ಮಾಡುತ್ತೀಯೋ ಮಾಡು.

ಪುಟ್ಟಮಲ್ಲಪ್ಪ


ಚಾಮರಾಜನಗರ
14 ಜುಲೈ 2004

ಅಪ್ಪನಿಗೆ,

ಸುಖವಾಗಿ ತಲುಪಿದೆ. ನಿಮ್ಮ ಕಾಗದ ಕಂಡೊಡನೆ ಮೂರು ದಿನ ರಜೆ ಹಾಕಿ ಊರಿಗೆ ಬಂದದ್ದಕ್ಕೆ ಹೆಡ್ಮಿಸ್ ಮುಖ ಊದಿಸಿಕೊಂಡಿದ್ದಾರೆ. ಊದಿಸಿಕೊಳ್ಳಲಿ. ಬೆರಳೆಲ್ಲ ಬೊಬ್ಬೆ ಬಂದಿದೆ, ಸೀಮೆಸುಣ್ಣ ಹಿಡಿಯಲು ಆಗುತ್ತಿಲ್ಲ.

ಆ ಮೂರು ದಿನ ನಾವು ಮನೆಯಲ್ಲಿ ಏನೂ ಮಾತಾಡಲಿಲ್ಲ. ಈಗ ಬರೆಯುತ್ತೇನೆ. ಈರುಳ್ಳಿ ಹೊಲದಲ್ಲಿ ಆ ಹೆಂಗಸರ ಸಾಲಿನಲ್ಲಿ ಕೂತಾಗ ನನಗೆ ತಲೆ ಎತ್ತಲು ಆಗಲಿಲ್ಲ. ನಾನು ಪರೀಕ್ಷೆಯಲ್ಲಿ ಅಂಕ ತೆಗೆದದ್ದು ಅವರ ಸೊಂಟದ ಬಲದಿಂದ. ಅದಕ್ಕೆ ಆರುನೂರು ರೂಪಾಯಿ ಕಳಿಸಿದ್ದೆ. ನೆನೆದರೆ ನಾಚಿಕೆಯಾಗುತ್ತದೆ.

ಮೂರು ಮನೆಗೆ ಒಂದೊಂದರಂತೆ ಮೂರು ಆಳು ತೀರಿದೆ. ಇನ್ನು ಇಪ್ಪತ್ನಾಲ್ಕು. ನಾನು ಮೈಸೂರಿಗೇ ಸೇರುತ್ತೇನೆ. ಭಾನುವಾರಕ್ಕೊಂದರಂತೆ ವರ್ಷದೊಳಗೆ ಮುಗಿಸುತ್ತೇನೆ. ಇದು ನಿಮ್ಮ ಮಾತಿಗೆ ಸೋತು ಹೇಳುತ್ತಿರುವುದಲ್ಲ, ನಾನೇ ಮಾಡಿದ ತೀರ್ಮಾನ. ಕೊಯಮತ್ತೂರಿಗೆ ಬರುವುದಿಲ್ಲವೆಂದು ನಾಡಿದ್ದು ಬರೆದು ಹಾಕುತ್ತೇನೆ. ಇದರ ಬಗ್ಗೆ ಮತ್ತೆ ಮಾತು ಬೇಡ.

ನಿಮ್ಮ ಮಗಳು,
ಸುಧಾಮಣಿ


ಭೀಮನಬೀಡು
16 ಜುಲೈ 2004
(ಬಸ್ಸಿನ ಕಂಡಕ್ಟರ್ ಪುಟ್ಟರಾಜು ಕೈಯಲ್ಲಿ)

ಮಗಳೆ,

ಕೊಯಮತ್ತೂರಿಗೆ ಏನನ್ನೂ ಬರೆದು ಹಾಕಬೇಡ. ಹಾಕಿದ್ದರೆ ಇನ್ನೊಂದು ಬರೆದು ಹಾಕು.

ನಿನ್ನೆ ನಿನ್ನ ಕಾಗದ ಓದಿ ಮುಗಿಸಿದವನೇ ಕುಡುಗೋಲು ತೆಗೆದುಕೊಂಡು ದೊಡ್ಡಮಲ್ಲಮ್ಮನ ಹೊಲಕ್ಕೆ ಹೋದೆ. ಹೆಂಗಸರ ಸಾಲಿನಲ್ಲಿ ಹೋಗಿ ಕೂತು ಈರುಳ್ಳಿ ಸೊಪ್ಪು ಕತ್ತರಿಸಲು ಶುರು ಮಾಡಿದೆ. ಮಗಳ ಬದಲು ಅಪ್ಪ, ಇದು ಕೂಲಿ ಅಲ್ಲವಲ್ಲ!

"ಏನ್ ಪುಟ್ಟಮಲ್ಲಣ್ಣ, ಸೀರೆ ಮರ್ತ್ ಬಂದ್ರಾ?" ಎಂದು ಒಬ್ಬಳು ಶುರು ಮಾಡಿದಳು. ಆಮೇಲೆ ಎಂಟು ಜನವೂ ಸೇರಿಕೊಂಡರು. ಬಳೆ ತೊಡಿಸುತ್ತೇವೆ ಎಂದರು, ಹೂವು ಮುಡಿಸುತ್ತೇವೆ ಎಂದರು. ನಾನು ತಲೆ ಎತ್ತಲಿಲ್ಲ. ಈರುಳ್ಳಿಗೆ ಕಣ್ಣು ಉರಿಯಿತು. ಅತ್ತುಬಿಟ್ಟೆ ಎಂದು ಬರೆದರೆ ನಗುತ್ತೀಯೇನೋ, ನಿಜವಾಗಿಯೂ ಅತ್ತುಬಿಟ್ಟೆ. ಒಂಬತ್ತು ವರ್ಷ ಹಾಸ್ಟೆಲಿನಲ್ಲಿಟ್ಟು ಓದಿಸಿ ಕಡೆಯ ಹೊಸ್ತಿಲಲ್ಲಿ ನಿನ್ನ ಕಾಲಿಗೆ ನಾನೇ ಅಡ್ಡ ಬಂದೆನಲ್ಲ ಎಂದು ಅಳು ಬಂತು.

ದೊಡ್ಡಮಲ್ಲಮ್ಮ ಕೆಲಸ ನಿಲ್ಲಿಸಿ ಕೇಳಿದಳು. "ನಿನ್ ಮಗಳು ಮೂರ್ ದಿಸ ಗೆಯ್ದ್ಳು. ಬಾಯ್ಬುಟ್ಟು ಒಂದ್ ಮಾತಾಡ್ನಿಲ್ಲ. ಏನ್ಲಾ ಅವ್ಳ ಸಂಕ್ಟ?"

"ಮೈಸೂರ್ಗೇ ಸೇರ್ತಾಳಂತೆ ಕಣಕ್ಕ" ಎಂದೆ.

"ಅಲ್ಲಿ ಗೆಡ್ಡೆ ಕೊಳೆಗೆ ಮದ್ದು ಕಲಿಸ್ತಾರಾ?"

"ಅದ್ನ ಕಲ್ಸದು ಕೊಯಮತ್ತೂರಲ್ಲಿ."

"ಮತ್ಯಾಕ್ಲಾ ಮೈಸೂರು?"

"ನಿಮ್ಮ ಆಳು ತೀರಿಸ್ಬೇಕಲ್ಲ" ಎಂದುಬಿಟ್ಟೆ.

ಕೈಯಲ್ಲಿದ್ದ ಕುಡುಗೋಲು ಎಸೆದಳು ನೋಡು! "ಥೂ ನಿನ್ನ! ನಾವೇನ್ ನಾಳೀಕೆ ಸತ್ತೋಯ್ತೀವಾ? ಎಲ್ಲಿ ಬೇಕಾರೂ ಓಗಿ ಓದ್ಲಿ ಅವ್ಳು. ವರ್ಸ ಆಗ್ಲಿ, ನಾಕ್ ವರ್ಸ ಆಗ್ಲಿ, ಆಳು ನಿಂತಿರ್ಲಿ. ಆದ್ರೆ ಅವ್ಳೇ ಬಂದು ತೀರಿಸ್ಬೇಕು. ಕೂಲಿಯೋರೂ ಬ್ಯಾಡ, ನೀನೂ ಬ್ಯಾಡ. ಏಳ್ಲಾ ಮೇಲೆ, ನಮ್ಮ ಈರುಳ್ಳಿ ಆಳ್ಮಾಡ್ಬುಟ್ಟೆ!"

ಹಾಳು ಮಾಡಿದ್ದು ನಿಜ. ನಾನು ಕತ್ತರಿಸಿದ ಅರ್ಧ ಈರುಳ್ಳಿಗೆ ತಲೆಯೇ ಇರಲಿಲ್ಲ. ನನ್ನ ದಿನ ಲೆಕ್ಕಕ್ಕಿಲ್ಲವಂತೆ. ಇಪ್ಪತ್ನಾಲ್ಕು ಇಪ್ಪತ್ನಾಲ್ಕೇ.

ಅಟ್ಟದ ಮೇಲಿನ ಆರು ಮೂಟೆ ಇವತ್ತು ವ್ಯಾಪಾರಿಗೆ ಕೊಟ್ಟೆ. ಸೋಮವಾರ ಮೊದಲ ಬಸ್ಸಿಗೆ ದುಡ್ಡು ತರುತ್ತೇನೆ. ಬ್ಯಾಂಕಿನ ಬಾಗಿಲಲ್ಲಿ ನಿಂತಿರು. ಡಿ.ಡಿ. ಹಿಡಿದುಕೊಂಡು ಇಬ್ಬರೂ ಅಲ್ಲಿಂದಲೇ ಕೊಯಮತ್ತೂರಿಗೆ ಹೋಗಿ ಕೈಯಾರೆ ಕೊಟ್ಟು ಬರೋಣ. ಅಂಚೆ ನಂಬುವಷ್ಟು ಪುರುಸೊತ್ತಿಲ್ಲ.

ನಿಮ್ಮಪ್ಪ


ಕೊಯಮತ್ತೂರು
22 ಆಗಸ್ಟ್ 2004

ಅಪ್ಪ,

ಸೇರಿ ಎರಡು ವಾರವಾಯಿತು. ರೂಮಿನಲ್ಲಿ ನನ್ನ ಜೊತೆ ಮೂರು ಜನ, ಇಬ್ಬರು ತಮಿಳಿನವರು, ಒಬ್ಬಳು ಕೇರಳದವಳು. "ಎನ್ನ ಆಚು?" ಎಂದರೆ ಏನಾಯಿತು ಎಂದರ್ಥ. ದಿನಕ್ಕೆ ಇಪ್ಪತ್ತು ಸಲ ಕೇಳುತ್ತಾರೆ, ಏನೂ ಆಗಿಲ್ಲವೆಂದು ಹೇಳಲು ನನಗೆ ಬರುವುದಿಲ್ಲ. ರಾಗಿ ಮುದ್ದೆ ಇಲ್ಲ. ಮೊದಲ ದಿನ ರಾತ್ರಿ ಅತ್ತುಬಿಟ್ಟೆ, ಎರಡನೇ ದಿನ ಪುಸ್ತಕ ತೆಗೆದೆ.

ದಿಂಬಂ ಘಾಟಿ ಇಳಿಯುವಾಗ ತಿರುವಿಗೊಂದು ನಂಬರಿನ ಕಲ್ಲಿದೆ, ನೋಡಿದೆಯೋ ಇಲ್ಲವೋ? ನೀನು ಕಣ್ಣು ಮುಚ್ಚಿ ಶಿವ ಶಿವ ಎನ್ನುತ್ತಿದ್ದೆ. ನಾನು ಎಣಿಸುತ್ತಿದ್ದೆ. ಸರಿಯಾಗಿ ಇಪ್ಪತ್ತೇಳು. ತಿರುವಿಗೊಬ್ಬರಂತೆ ಆ ಒಂಬತ್ತು ಹೆಂಗಸರ ಮುಖವನ್ನು ಮೂರು ಮೂರು ಸಲ ನೆನೆಸಿಕೊಂಡೆ.

ಪೊಂಗಲ್ ರಜೆಗೆ ಬರುತ್ತೇನೆ. ಅವ್ವ ಬಗ್ಗದಂತೆ ನೋಡಿಕೊ.

ನಿನ್ನ ಮಗಳು,
ಸುಧಾ


ಭೀಮನಬೀಡು
3 ಅಕ್ಟೋಬರ್ 2005

ಮಗಳೆ,

ಈ ಕಾಗದದ ಜೊತೆ ಒಂದು ಚೀಲ ಬರುತ್ತದೆ. ಮೂಗು ಮುಚ್ಚಿಕೊಂಡು ಬಿಚ್ಚು. ದೊಡ್ಡಮಲ್ಲಮ್ಮನ ಹೊಲದ ಕೊಳೆತ ಗೆಡ್ಡೆ. "ಔಸ್ದಿ ಅಂಗ್ಡಿಯವ್ನಿಗ್ ಯಾಕ್ ತೋರ್ಸ್ಲಿ, ನಮ್ಮುಡ್ಗಿ ಅವ್ಳೆ ಅಲ್ಲಿ" ಎಂದು ತಾನೇ ಗುಂಡ್ಲುಪೇಟೆಯವರೆಗೆ ಹೊತ್ತು ತಂದು ಬಸ್ಸಿಗೆ ಹಾಕಿಸಿದಳು. ಕಂಡಕ್ಟರು ನಾತಕ್ಕೆ ಜಗಳ ಆಡಿದನಂತೆ, ಇವಳು ಲಗೇಜಿನ ಜೊತೆ ನಾಲ್ಕು ಬೈಗುಳವನ್ನೂ ಹಾಕಿದಳಂತೆ.

ಜನವರಿಯಲ್ಲಿ ಐದು, ಬೇಸಿಗೆಯಲ್ಲಿ ಹನ್ನೊಂದು ತೀರಿಸಿದ್ದೀಯ. ಇನ್ನು ಎಂಟು ಎಂದು ನಿಮ್ಮವ್ವ ಜ್ಞಾಪಿಸಲು ಹೇಳಿದಳು. ಈಗ ಮಿಲ್ಲಿನಲ್ಲಿ ಎಲ್ಲರೂ ಅವಳನ್ನು ಮಾತಾಡಿಸುತ್ತಾರೆ. ಮಾತು ಜಾಸ್ತಿಯಾಗಿ ಹಿಟ್ಟು ತರುವುದು ತಡವಾಗುತ್ತಿದೆ.

ನಿಮ್ಮಪ್ಪ


ಕೊಯಮತ್ತೂರು
23 ಜನವರಿ 2006

ಅಪ್ಪ,

ಊರಿನಿಂದ ಹೊರಡುವಾಗ ನಿನಗೆ ಹೇಳದೆ ಬಂದ ಎರಡು ವಿಷಯಗಳಿವೆ.

ಮೊದಲನೆಯದು. ನಮ್ಮ ಮೇಷ್ಟ್ರು ಇನ್ನೂ ಮೂರು ವರ್ಷ ಇಲ್ಲೇ ಸಂಶೋಧನೆಗೆ ನಿಲ್ಲು ಎಂದಿದ್ದಾರೆ. ಈ ಸಲ ಫೀಸಿಲ್ಲ, ಅವರೇ ತಿಂಗಳಿಗಿಷ್ಟು ಕೊಡುತ್ತಾರೆ. ದೊಡ್ಡಮಲ್ಲಮ್ಮ ದೊಡ್ಡವ್ವ ಕಳಿಸಿದ ಗೆಡ್ಡೆಯನ್ನು ಪರೀಕ್ಷಿಸಿದ ಮೇಲೆ ಅವರು ಹಾಗೆ ಕೇಳಿದ್ದು. ಕೊಳೆ ಬಿದ್ದ ಹೊಲದಲ್ಲಿ ಚೆನ್ನಾಗಿ ಕಂಡ ಗೆಡ್ಡೆಯನ್ನೇ ನಾವು ಬಿತ್ತನೆಗೆ ಆರಿಸಿ ಇಡುತ್ತೇವೆ, ಮನೆಯಿಂದ ಮನೆಗೆ ಕೊಡುತ್ತೇವೆ. ರೋಗ ಅದರ ಒಳಗೇ ಕೂತು ಬರುತ್ತದೆ. ಅಂಥ ಗೆಡ್ಡೆ ಬಿತ್ತಬೇಡಿ ಎಂದು ಈ ಸಲ ಒಂಬತ್ತು ಮನೆಗೂ ಹೋಗಿ ಹೇಳಿ ಬಂದಿದ್ದೇನೆ. ಕೇಳುತ್ತಾರೋ ಇಲ್ಲವೋ ನೋಡಬೇಕು. ದೊಡ್ಡವ್ವ ಕೇಳಿದರೆ ಉಳಿದವರು ಕೇಳುತ್ತಾರೆ.

ನಾನು ನಿಲ್ಲುತ್ತೇನೆಂದು ಹೇಳಿದ್ದೇನೆ. ನಿನ್ನನ್ನು ಕೇಳಲಿಲ್ಲ. ಬೈಯುವುದಿದ್ದರೆ ಕಾಗದದಲ್ಲಿ ಬೈ.

ಎರಡನೆಯದು. ಎಂಟರಲ್ಲಿ ಏಳು ಆಳು ತೀರಿಸಿದೆ. ಕಡೆಯದು ದೊಡ್ಡವ್ವನದು. ಹೊರಡುವ ಹಿಂದಿನ ದಿನ ಬೆಳಗ್ಗೆಯೇ ಅವಳ ಹೊಲಕ್ಕೆ ಹೋದೆ. ಅರಿಶಿನ ಕಿತ್ತು ರಾಶಿ ರಾಶಿ ಬಿದ್ದಿತ್ತು. ನನ್ನನ್ನು ನೋಡಿ "ಇವತ್ತು ಕೆಲ್ಸ ಇಲ್ಲ, ಓಗು" ಎಂದಳು.

"ಇದೇನ್ ದೊಡ್ಡವ್ವ, ಇಷ್ಟು ಗೆಡ್ಡೆ ಬಿದ್ದದೆ!"

"ನನ್ನೊಲ. ಕೆಲ್ಸ ಇಲ್ಲ ಅಂದ್ರೆ ಇಲ್ಲ."

ನನಗೂ ಸಿಟ್ಟು ಬಂತು. ನಾನು ಆಳು ಉಳಿಸಿಕೊಂಡು ಹೋಗುವವಳಲ್ಲ ಎಂದು ಅಲ್ಲೇ ಕೂತು ಗೆಡ್ಡೆ ಬಿಡಿಸತೊಡಗಿದೆ. ಅವಳು ಬಂದು ನನ್ನ ಕೈಯಿಂದ ಗೆಡ್ಡೆ ಕಿತ್ತುಕೊಂಡಳು. ಕೈ ಬಿಡಲಿಲ್ಲ, ಹಾಗೇ ಹಿಡಿದುಕೊಂಡಳು.

"ಏಯ್ ಮೊಗ, ಇಪ್ಪತ್ತಾರ್ ಆಳೂ ತೀರಿಸ್ದೆ, ನೋಡಿವ್ನಿ. ಇದೊಂದ್ನೂ ತೀರಿಸ್ಬುಟ್ರೆ ಆಮೇಲ್ ಯಾತುಕ್ ಬಂದೀಯೆ ನೀನು?"

ನಾನು ಎದ್ದು ಬಂದುಬಿಟ್ಟೆ ಅಪ್ಪ. ಮಾರನೇ ದಿನ ಬಸ್ಸಿನಲ್ಲೂ ದಿಂಬಂ ಘಾಟಿ ಇಳಿದು ಮುಗಿಯುವವರೆಗೆ ಅಳು ನಿಲ್ಲಲಿಲ್ಲ.

ಈರೋಡಿಗೆ ಹೋದ ಮೂಟೆ ಹಿಂದಕ್ಕೆ ಬಂದದ್ದುಂಟೇ ಎಂದು ನೀನು ಕೇಳಿದ್ದೆ. ನನಗೆ ಕಾಲಿದೆ ಎಂದು ಆಗ ಉತ್ತರ ಕೊಟ್ಟಿದ್ದೆ. ಆ ಉತ್ತರ ಸರಿಯಿರಲಿಲ್ಲ. ಮೂಟೆಯ ಮೇಲೆ ಊರಲ್ಲಿ ಯಾರ ಆಳೂ ನಿಂತಿರುವುದಿಲ್ಲ. ನನ್ನ ಮೇಲೆ ಒಂದು ನಿಂತಿದೆ.

ನಿನ್ನ ಮಗಳು,
ಸುಧಾ